ಎರಡನೇ ಭಾನುವಾರದ ಮೀಟಿಂಗ್

1991ರ ಒಂದು ಸಂಜೆ ಮುಂಬಯಿಯ ನಮ್ಮ ಕನ್ನಡ ಸಂಘದ ಕೋಶಾಧಿಕಾರಿಗಳು ನನ್ನ ಕೈಗೊಂದು ರಸೀದಿ ಪುಸ್ತಕ ಕೊಟ್ಟರು. ಐವತ್ತು ರಸೀದಿ, ಪ್ರತಿಯೊಂದಕ್ಕೂ ಒಂದು ಕಾರ್ಬನ್ ಪ್ರತಿ, ಮೂಲೆಯಲ್ಲಿ ಕೆಂಪು ಶಾಯಿಯ ನಂಬರು. ಫೋರ್ಟಿನ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಆಯುಷ್ಯದ ಅರ್ಧ ಕಳೆದವರು ಅವರು. ಮಾತು ಕಡಿಮೆ. ಅವತ್ತು ಹೇಳಿದ್ದು ಇಷ್ಟೇ. "ಹತ್ತು ರೂಪಾಯಿ ಕೊಟ್ಟವರಿಗೂ ರಸೀದಿ ಕೊಡು. ಬರೆಯುವಾಗ ತಪ್ಪಾದರೆ ಹರಿದು ಬಿಸಾಡಬೇಡ. ಎರಡೂ ಪ್ರತಿಯ ಮೇಲೆ 'ರದ್ದು' ಅಂತ ಬರೆದು ಅಲ್ಲೇ ಪಿನ್ ಹಾಕಿಡು."

ಆಗ ನನಗೆ ಇಪ್ಪತ್ತೈದು ವರ್ಷ. ಲೋವರ್ ಪರೇಲಿನ ಒಂದು ಗಾರ್ಮೆಂಟ್ ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ಕೋಟಿ ಲೆಕ್ಕದ ಇನ್‌ವಾಯ್ಸ್ ಬರೆಯುವವಳಿಗೆ ಹತ್ತು ರೂಪಾಯಿಯ ರಸೀದಿ ಬಗ್ಗೆ ಇಷ್ಟು ಹೇಳಬೇಕಾ ಅನಿಸಿತ್ತು. ಆ ಪುಸ್ತಕ ಮುಗಿಯುವ ಹೊತ್ತಿಗೆ ಉತ್ತರ ಸಿಕ್ಕಿತು. ಮಾಟುಂಗದ ಮಾರ್ಕೆಟ್ಟಿನಲ್ಲಿ ಹೂ ಕಟ್ಟುವ ಒಬ್ಬ ಹೆಂಗಸು ಹತ್ತು ರೂಪಾಯಿ ಕೊಟ್ಟು ರಸೀದಿ ತಗೊಂಡಳು. ಅದನ್ನು ನಾಲ್ಕು ಮಡಿಕೆ ಮಾಡಿ ದೇವರ ಫೋಟೋದ ಹಿಂದೆ ಸಿಕ್ಕಿಸಿದಳು. ಮುಂದಿನ ವರ್ಷ ಹೋದಾಗಲೂ ಅದು ಅಲ್ಲೇ ಇತ್ತು.

ನನ್ನನ್ನು ಈಗ ಕಿರಿಯರು ಕೇಳುತ್ತಾರೆ. ನೌಕರಿ, ಆಮೇಲೆ ಸ್ವಂತ ಬಿಸಿನೆಸ್, ಜೊತೆಗೆ ಮನೆ, ಅದರ ಮೇಲೆ ಸಂಘ. ಎಲ್ಲ ಹೇಗೆ ಬ್ಯಾಲೆನ್ಸ್ ಮಾಡಿದ್ರಿ ಅಂತ. ಸುಮ್ನೆ ಏನೋ ಹೇಳಿ ಕಳಿಸಬಹುದು. ಆದರೆ ಕೇಳುವವರ ಮುಖ ನೋಡಿದರೆ ಹಾಗೆ ಮಾಡಲು ಮನಸ್ಸು ಬರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸದ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಹುಟ್ಟಿದ್ದು ಕಾರ್ಕಳದ ಹತ್ತಿರ, ಬೆಳೆದದ್ದು ಡೊಂಬಿವ್ಲಿಯಲ್ಲಿ. 1987ರಲ್ಲಿ ಎಕ್ಸ್‌ಪೋರ್ಟ್ ಕಂಪನಿ. 1996ರಿಂದ ಒಂದು ಔಷಧ ಕಂಪನಿಯ ಡಿಸ್ಟ್ರಿಬ್ಯೂಷನ್, ಅಂದರೆ ದಿನಾ ಭಿವಂಡಿಯ ಗೋಡೌನ್. 2004ರಲ್ಲಿ ಗೆಳತಿಯೊಬ್ಬಳ ಜೊತೆ ಸೇರಿ ಹೋಟೆಲುಗಳಿಗೆ ಪಾರ್ಸೆಲ್ ಡಬ್ಬಿ ಸರಬರಾಜು ಮಾಡುವ ವ್ಯಾಪಾರ ಶುರು ಮಾಡಿದೆ. ಅದು ಚೆನ್ನಾಗಿಯೇ ನಡೆಯಿತು. 2018ರ ಜೂನ್ 23ರಿಂದ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ನಿಷೇಧ ಜಾರಿಯಾಯಿತು. ನಮ್ಮ ಗೋಡೌನಿನಲ್ಲಿದ್ದ ಮಾಲಿನಲ್ಲಿ ಮುಕ್ಕಾಲು ಪಾಲು ಮಾರುವಂತಿರಲಿಲ್ಲ. ನಿಷೇಧ ಸರಿಯಾದದ್ದೇ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಚರಂಡಿಗಳಲ್ಲಿ ಏನು ಸಿಕ್ಕಿಕೊಂಡಿತ್ತು ಅಂತ ನೋಡಿದವರಿಗೆ ಬೇರೆ ಮಾತು ಬೇಕಿಲ್ಲ. ವ್ಯಾಪಾರ ಮುಚ್ಚಿದೆವು. 2019ರಿಂದ ಒಂದು ಕಾರ್ಖಾನೆ ಕಂಪನಿಯ ಸಿಎಸ್‌ಆರ್ ವಿಭಾಗಕ್ಕೆ, ಅಂದರೆ ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡುವ ವಿಭಾಗಕ್ಕೆ, ಸಲಹೆಗಾರಳಾಗಿ ಕೆಲಸ ಮಾಡಿದೆ.

ನಾಲ್ಕು ಕೆಲಸ, ನಾಲ್ಕು ಲೋಕ. ಇಷ್ಟೆಲ್ಲದರ ನಡುವೆ ಬದಲಾಗದೆ ಉಳಿದದ್ದು ಪ್ರತಿ ತಿಂಗಳ ಎರಡನೇ ಭಾನುವಾರ. ಬೆಳಿಗ್ಗೆ ಡೊಂಬಿವ್ಲಿಯಿಂದ ಲೋಕಲ್, ಕುರ್ಲಾದಲ್ಲಿ ಇಳಿದು ಸ್ಲೋ ಗಾಡಿ, ಮಾಟುಂಗದಲ್ಲಿ ಇಳಿದು ನಡಿಗೆ. ಹತ್ತೂವರೆಗೆ ಮೀಟಿಂಗ್. ಸಮಯ ಸಿಕ್ಕಾಗ ಸಮಾಜಸೇವೆ ಅಂದುಕೊಂಡವರು ಎಷ್ಟೋ ಜನ ಬಂದರು, ಹೋದರು. ಕೆಟ್ಟವರೇನಲ್ಲ. ಆದರೆ ಈ ಊರಿನಲ್ಲಿ ಸಮಯ ತಾನಾಗಿ ಯಾರಿಗೂ ಸಿಗುವುದಿಲ್ಲ ಅಲ್ವಾ? ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಆ ದಿನ ಬೇರೆಯವರಿಗೆ ಇಲ್ಲ ಅನ್ನಬೇಕು. ನಾನು ಆಫೀಸಿಗೆ, ನೆಂಟರಿಗೆ, ಒಮ್ಮೊಮ್ಮೆ ಮನೆಯವರಿಗೂ ಇಲ್ಲ ಅಂದಿದ್ದೇನೆ.

ನಾನು ಸೇರಿದಾಗ ಹೆಂಗಸರಿಗೆ ಅಂತ ಇದ್ದದ್ದು ಮಹಿಳಾ ವಿಭಾಗ. ಅರಿಶಿನ ಕುಂಕುಮ, ರಂಗೋಲಿ ಸ್ಪರ್ಧೆ, ವಾರ್ಷಿಕೋತ್ಸವದ ದಿನ ಅತಿಥಿಗಳಿಗೆ ಆರತಿ. ಲೆಕ್ಕದ ಪುಸ್ತಕ ನನ್ನ ಕೈಗೆ ಬರಲು ಹದಿಮೂರು ವರ್ಷ ಹಿಡಿಯಿತು. ಹಳೇ ಕೋಶಾಧಿಕಾರಿಗಳೇ ಮಹಾಸಭೆಯಲ್ಲಿ ಎದ್ದು ನಿಂತು ನನ್ನ ಹೆಸರು ಹೇಳಿದ್ದರು. ಮುಂದೆ 2017ರಲ್ಲಿ ಇದೇ ಮಾಟುಂಗ ಸ್ಟೇಷನ್ನಿನ ಎಲ್ಲ ಕೆಲಸವನ್ನೂ ರೈಲ್ವೆಯವರು ಹೆಂಗಸರಿಗೇ ಒಪ್ಪಿಸಿದರು. ದೇಶದಲ್ಲೇ ಅದು ಮೊದಲು. ಟಿಕೆಟ್ ಕಿಟಕಿಯಿಂದ ಹಿಡಿದು ಸ್ಟೇಷನ್ ಮಾಸ್ಟರ್ ತನಕ ಹೆಂಗಸರೇ. ಭಾನುವಾರ ಅಲ್ಲಿ ಇಳಿದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತಿತ್ತು.

ಮುಂಬಯಿಯಲ್ಲಿ ಕನ್ನಡದವರು ಸಂಘ ಕಟ್ಟುವುದು ಹೊಸದಲ್ಲ. ಮೊಗವೀರರು 1902ರಲ್ಲೇ ವ್ಯವಸ್ಥಾಪಕ ಮಂಡಳಿ ಮಾಡಿಕೊಂಡರು. 1926ರಲ್ಲಿ ಮೈಸೂರು ಅಸೋಸಿಯೇಶನ್, 1927ರಲ್ಲಿ ಬಂಟರ ಸಂಘ, 1933ರಲ್ಲಿ ಕರ್ನಾಟಕ ಸಂಘ. ಬಿಲ್ಲವರ ಅಸೋಸಿಯೇಶನ್ ಮುಂದೆ ನಿಂತು 1978ರಲ್ಲಿ ಭಾರತ್ ಬ್ಯಾಂಕನ್ನೇ ಕಟ್ಟಿತು. ಇದನ್ನೆಲ್ಲ ಕಟ್ಟಿದವರಲ್ಲಿ ಬಹಳ ಜನ ಬೆಳಗಿನಿಂದ ರಾತ್ರಿ ತನಕ ಬೇರೆ ಕೆಲಸ ಮಾಡುತ್ತಿದ್ದವರು. ಹೋಟೆಲಿನವರು, ಗುಮಾಸ್ತರು, ಮೀನು ವ್ಯಾಪಾರದವರು. ನಮ್ಮದು ಇವುಗಳ ಮುಂದೆ ಚಿಕ್ಕ ಸಂಘ. ಒಂದು ವಾಚನಾಲಯ, ವಿದ್ಯಾರ್ಥಿವೇತನ, ವರ್ಷಕ್ಕೊಂದು ತಾಳಮದ್ದಳೆ, ಮತ್ತೆ ರಾತ್ರಿ ಶಾಲೆಯ ತರಗತಿ.

ಆ ರಾತ್ರಿ ತರಗತಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು.

ಊರಿನಿಂದ ಬಂದ ಹುಡುಗರು ಹೋಟೆಲಿನಲ್ಲಿ ಮಾಣಿಗಳಾಗಿ ಸೇರುತ್ತಿದ್ದ ಕಾಲದಲ್ಲಿ ಹುಟ್ಟಿದ ಏರ್ಪಾಡು ಅದು. ಬೆಳಿಗ್ಗೆ ಐದಕ್ಕೆ ಎದ್ದು ದುಡಿಯುವ ಹುಡುಗರಿಗೆ ಸಂಜೆ ಆರೂವರೆಯಿಂದ ಒಂಬತ್ತೂವರೆ ತನಕ ಪಾಠ. ಹೀಗೆ ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ (ಇಲ್ಲಿನ ಎಸ್ಸೆಸ್ಸೆಲ್ಸಿ) ಮುಗಿಸಿ, ಮುಂದೆ ವಕೀಲರಾದವರು, ಬ್ಯಾಂಕು ಸೇರಿದವರು, ಸ್ವಂತ ಹೋಟೆಲ್ ಇಟ್ಟವರು ಈ ಊರಿನಲ್ಲಿ ಎಷ್ಟೋ ಮಂದಿ. ನಮ್ಮ ಹಳೇ ಕೋಶಾಧಿಕಾರಿಗಳೂ ಅಲ್ಲೇ ಓದಿದವರು.

ನಮ್ಮ ತರಗತಿ ನಡೆಯುತ್ತಿದ್ದದ್ದು ಹಗಲು ಹೊತ್ತಿನಲ್ಲಿ ಚಿಕ್ಕ ಮಕ್ಕಳು ಓದುವ ಕೋಣೆಯಲ್ಲಿ. ಬೆಂಚು ಗಿಡ್ಡ. ಹತ್ತೊಂಬತ್ತು ವರ್ಷದ ಹುಡುಗರು ಮೊಣಕಾಲು ಎದೆಗೆ ತಾಗಿಸಿಕೊಂಡು ಕೂರುತ್ತಿದ್ದರು. ಒಮ್ಮೆ ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಬರೆಯದೆ ಕೂತಿದ್ದ. ಹತ್ತಿರ ಹೋಗಿ ನೋಡಿದೆ. ಹೋಟೆಲಿನ ಬಚ್ಚಲಲ್ಲಿ ಪಾತ್ರೆ ತೊಳೆದು ನೇರ ಬಂದಿದ್ದ. ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು, ಉಗುರಿನ ಸಂದಿಯಲ್ಲಿ ಬೂದಿ ಬಣ್ಣದ ಸಾಬೂನು. ಪುಸ್ತಕ ಮುಟ್ಟಿದಲ್ಲೆಲ್ಲ ಒದ್ದೆ ಕಲೆ. ಹಾಳೆ ಹರಿದೀತು ಅಂತ ಕೈ ಒಣಗಲು ಕಾಯುತ್ತಿದ್ದ. ನಮ್ಮ ಮೇಷ್ಟ್ರು ತಮ್ಮ ಟವೆಲ್ ಕೊಟ್ಟು, ಏನೂ ಹೇಳದೆ ಪಾಠ ಮುಂದುವರಿಸಿದರು. ಆಮೇಲೆ ಆ ಕೋಣೆಯ ಮೊಳೆಗೆ ಯಾವಾಗಲೂ ಒಂದು ಟವೆಲ್ ನೇತಾಡುತ್ತಿತ್ತು.

2014ರ ಹೊತ್ತಿಗೆ ತರಗತಿ ಬಡವಾಗಿತ್ತು. ಊರಿನಿಂದ ಹುಡುಗರು ಬರುವುದು ನಿಂತಿತ್ತು. ಊರಲ್ಲೇ ಕಾಲೇಜು, ಊರಲ್ಲೇ ಕೆಲಸ, ಇಲ್ಲವೇ ಬೆಂಗಳೂರು, ಗಲ್ಫ್. ಅದು ಒಳ್ಳೆಯ ಸುದ್ದಿಯೇ. ಹೋಟೆಲಿನ ಅಡುಗೆಮನೆಯಲ್ಲಿ ಈಗ ಒಡಿಶಾ, ಬಿಹಾರ, ಉತ್ತರ ಪ್ರದೇಶ, ನೇಪಾಳದ ಹುಡುಗರು. ನಮ್ಮ ತರಗತಿಯಲ್ಲಿ ಉಳಿದವರು ಏಳೇ ಜನ. ನಾನು ಆಗ ಕಾರ್ಯದರ್ಶಿ. ವ್ಯಾಪಾರದಲ್ಲಿ ಹತ್ತು ವರ್ಷ ಪಳಗಿದ್ದೆ. ಗಿರಾಕಿ ಇಲ್ಲದ ಮಾಲು ಇಟ್ಟುಕೊಳ್ಳಬಾರದು ಅನ್ನುವುದು ರಕ್ತದಲ್ಲಿ ಸೇರಿತ್ತು. ಲ್ಯಾಪ್‌ಟಾಪ್ ತಂದು, ಗೋಡೆಯ ಮೇಲೆ ಗ್ರಾಫ್ ತೋರಿಸಿ, ತಲಾ ಒಬ್ಬ ವಿದ್ಯಾರ್ಥಿಗೆ ಎಷ್ಟು ಖರ್ಚಾಗುತ್ತದೆ ಅಂತ ಲೆಕ್ಕ ಹೇಳಿದೆ. ತರಗತಿ ಮುಚ್ಚೋಣ, ಆ ಹಣವನ್ನು ವಿದ್ಯಾರ್ಥಿವೇತನಕ್ಕೆ ಹಾಕೋಣ ಅಂದೆ.

ಯಾರೂ ವಾದ ಮಾಡಲಿಲ್ಲ. ಎಲ್ಲರೂ ಸುಮ್ಮನಿದ್ದರು. ಕಂಪನಿಯಲ್ಲಿ ಇಂಥ ಮೌನ ಅಂದರೆ ಒಪ್ಪಿಗೆ. ನಾನೂ ಹಾಗೇ ಅಂದುಕೊಂಡೆ. ಆಗ ಹಳೇ ಕೋಶಾಧಿಕಾರಿಗಳು ಕುರ್ಚಿ ಹಿಡಿದು ಎದ್ದರು. ಎಂಬತ್ತು ದಾಟಿತ್ತು ಅವರಿಗೆ. "ಏಳು ಜನಕ್ಕೆ ಯಾಕೆ ಅಂತ ಕೇಳ್ತೀಯಲ್ಲ, ಹೊರಗೆ ಮೆಟ್ಟಿಲ ಮೇಲೆ ಕೂತವರು ಎಷ್ಟು ಜನ ನೋಡಿದ್ದೀಯಾ?" ಅಂದರು.

ನೋಡಿರಲಿಲ್ಲ. ಅವತ್ತು ಸಂಜೆ ಹೋಗಿ ನೋಡಿದೆ. ಪಕ್ಕದ ಹೋಟೆಲುಗಳ ಹಿಂದಿ ಹುಡುಗರು ಹತ್ತು ಹನ್ನೆರಡು ಜನ ಮೆಟ್ಟಿಲ ಮೇಲೆ ಕೂತು ಮೊಬೈಲ್ ನೋಡುತ್ತಿದ್ದರು. ಒಳಗೆ ನಡೆಯುವುದು ಕನ್ನಡದವರ ಪಾಠ ಅಂತ ಅವರಿಗೆ ಗೊತ್ತು. ಬಾಗಿಲು ತೆರೆದಿದ್ದರೂ ಯಾರೂ ಒಳಗೆ ಬಂದಿರಲಿಲ್ಲ. ಯಾರೂ ಕರೆದೂ ಇರಲಿಲ್ಲ.

ಆಮೇಲೆ ನಡೆದ ಚರ್ಚೆ ಎಂಟು ತಿಂಗಳದ್ದು. ಸಂಘದ ಉದ್ದೇಶಗಳಲ್ಲಿ 'ಕನ್ನಡಿಗರ ಏಳಿಗೆ' ಅಂತ ಬರೆದಿದೆ. ದಾನಿಗಳು ಅದಕ್ಕಾಗಿ ಕೊಟ್ಟ ಹಣ. ಬೇರೆ ಭಾಷೆಯವರಿಗೆ ಅದನ್ನು ಹೇಗೆ ಖರ್ಚು ಮಾಡುವುದು ಅಂತ ಕೆಲವರು ಕೇಳಿದರು. ಆ ಪ್ರಶ್ನೆ ಸಣ್ಣತನದ್ದು ಅಂತ ನನಗೆ ಅವತ್ತೂ ಅನಿಸಿಲ್ಲ, ಇವತ್ತೂ ಅನಿಸುವುದಿಲ್ಲ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿರುವುದನ್ನು ಕಣ್ಣಾರೆ ನೋಡುತ್ತಿದ್ದವರು ಅವರು. ಇರುವುದನ್ನೂ ಕಳಕೊಳ್ಳುವ ಭಯ ಸುಮ್ನೆ ಹುಟ್ಟುವುದಿಲ್ಲ. ಕೊನೆಗೆ ಹೋಟೆಲ್ ನಡೆಸುವ ಸದಸ್ಯರು ಒಂದಷ್ಟು ಜನ ಸೇರಿ ಬೇರೆ ನಿಧಿ ಮಾಡಿದರು. ನಮ್ಮ ಗಲ್ಲೆ ತುಂಬಿಸುವ ಹುಡುಗರು, ಅವರ ಪಾಠದ ಖರ್ಚು ನಮ್ಮದು ಅಂದರು. ತರಗತಿ ಹಿಂದಿಯಲ್ಲೂ ಶುರುವಾಯಿತು. ಖಾಸಗಿಯಾಗಿ ಹತ್ತನೇ ತರಗತಿ ಪರೀಕ್ಷೆ ಬರೆಯುವವರಿಗೆ ಹದಿನೇಳನೇ ನಂಬರ್ ಫಾರ್ಮ್ ತುಂಬಿಸಿಕೊಡುವುದೂ ನಮ್ಮ ಕೆಲಸವಾಯಿತು.

ನನಗೆ ಒಂದು ವಿಷಯ ಅರ್ಥವಾದದ್ದು ಇಲ್ಲಿ. ಭಿವಂಡಿಯಲ್ಲಿ ನಾನು ಹೇಳಿದರೆ ಸಂಜೆಯೊಳಗೆ ಟ್ರಕ್ ಹೊರಡುತ್ತಿತ್ತು. ಸಂಬಳ ಕೊಡುವವರು ಹೇಳಬಹುದು. ಸಂಘದಲ್ಲಿ ಯಾರಿಗೂ ನಾನು ಸಂಬಳ ಕೊಡುವುದಿಲ್ಲ. ಭಾನುವಾರ ಬಿಟ್ಟು ಬಂದವರು, ಅವರ ಮನೆಯಲ್ಲೂ ಯಾರೋ ಮುನಿಸಿಕೊಂಡಿದ್ದಾರೆ. ಅಲ್ಲಿ ಹೇಳುವಂತಿಲ್ಲ, ಕೇಳಬೇಕು. ಕೇಳಿ, ಕಾದು, ಮತ್ತೆ ಕೇಳಬೇಕು. ಕಂಪನಿಯಲ್ಲಿ ಎರಡು ವಾರದ ಕೆಲಸ ಇಲ್ಲಿ ಎಂಟು ತಿಂಗಳು ಹಿಡಿಯುವುದು ಅದಕ್ಕೇ. ಮೊದಲು ಇದು ಸೋಮಾರಿತನ ಅನಿಸುತ್ತಿತ್ತು. ಆದರೆ ಎಂಟು ತಿಂಗಳಲ್ಲಿ ಕೂಡಿ ಒಪ್ಪಿದ್ದನ್ನು ಆಮೇಲೆ ಯಾರೂ ಕೆಡವಲಿಲ್ಲ.

ಇನ್ನೊಂದು ವಿಷಯ ಬರೆಯಲೇಬೇಕು. ಅದು ನನ್ನ ತಪ್ಪು. 2012ರ ಮಹಾಸಭೆಯಲ್ಲಿ ಹೊಸ ಸಮಿತಿ ಬಂತು. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ನ್ಯಾಸ ಕಾಯ್ದೆ ಪ್ರಕಾರ ಪದಾಧಿಕಾರಿಗಳು ಬದಲಾದರೆ 90 ದಿನದೊಳಗೆ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ ಕೊಡಬೇಕು. ಅದು ಕಾರ್ಯದರ್ಶಿಯ ಕೆಲಸ. ಆಗಷ್ಟೇ ನನ್ನ ವ್ಯಾಪಾರಕ್ಕೆ ದೊಡ್ಡದೊಂದು ಆರ್ಡರ್ ಬಂದಿತ್ತು. ಇವತ್ತು ನಾಳೆ ಅಂತ ಮುಂದೂಡಿದೆ. ತೊಂಬತ್ತು ದಿನ ಕಳೆದೇ ಹೋಯಿತು. ಹಳೆಯ ಸಹಿದಾರರಲ್ಲಿ ಒಬ್ಬರು ತೀರಿಕೊಂಡರು, ಇನ್ನೊಬ್ಬರು ಊರಿಗೆ ಹೋಗಿ ನೆಲೆಸಿದರು. ಹೊಸಬರ ಹೆಸರು ಆ ಕಚೇರಿಯ ನೋಂದಣಿ ಪಟ್ಟಿಯಲ್ಲಿ (ಶೆಡ್ಯೂಲ್-1) ಏರದೆ ಬ್ಯಾಂಕಿನವರು ನಮ್ಮ ಸಹಿ ಒಪ್ಪಲಿಲ್ಲ. ಖಾತೆಯಲ್ಲಿ ಹಣ ಇತ್ತು, ತೆಗೆಯುವಂತಿರಲಿಲ್ಲ.

ಎರಡು ತಿಂಗಳು ರಾತ್ರಿ ತರಗತಿಯ ಮೇಷ್ಟ್ರಿಗೆ ಗೌರವಧನ ಹೋಗಲಿಲ್ಲ. ನಿವೃತ್ತರು, ಅದೇ ಅವರ ಆಧಾರ. ಅವರು ಒಂದು ದಿನವೂ ತರಗತಿ ತಪ್ಪಿಸಲಿಲ್ಲ, ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಆರ್ಡರ್ ತಡವಾದರೆ ಗಿರಾಕಿ ಫೋನಿನಲ್ಲಿ ಕೂಗಾಡುತ್ತಾನೆ, ಅದರಿಂದ ನಾವು ಎಚ್ಚರವಾಗುತ್ತೇವೆ. ಇಲ್ಲಿ ನನ್ನ ತಪ್ಪಿನ ಭಾರ ಹೊತ್ತವರು ಸುಮ್ಮನೆ ಹೊತ್ತರು. ಆ ವರ್ಷದಿಂದ ಸಂಘದ ಕಾಗದಪತ್ರದ ದಿನಾಂಕಗಳನ್ನು ನನ್ನ ಆಫೀಸಿನ ಡೈರಿಯಲ್ಲೇ, ಗಿರಾಕಿಗಳ ಹೆಸರಿನ ಮೇಲೆ ಬರೆಯತೊಡಗಿದೆ. ಲೆಕ್ಕಪರಿಶೋಧನೆ, ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ 80ಜಿ ಪತ್ರ, ಎಲ್ಲವೂ.

2020ರ ಮಾರ್ಚ್ 25ರಿಂದ ಲಾಕ್‌ಡೌನ್. ಲೋಕಲ್ ನಿಂತಿತು, ಹೋಟೆಲ್ ಮುಚ್ಚಿತು. ಹೋಟೆಲಿನ ಹುಡುಗರಲ್ಲಿ ಬಹಳ ಜನ ಮಲಗುವುದೇ ಹೋಟೆಲಿನ ಅಟ್ಟದಲ್ಲಿ. ಯಾರು ಎಲ್ಲಿ ಸಿಕ್ಕಿಬಿದ್ದಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಆಗ ನಮ್ಮ ಹತ್ತಿರ ಇದ್ದದ್ದು ರಾತ್ರಿ ತರಗತಿಯ ಹಾಜರಿ ರಿಜಿಸ್ಟರ್. ಹೆಸರು, ಹೋಟೆಲ್, ಮೊಬೈಲ್, ಊರಿನ ವಿಳಾಸ, ಆಧಾರ್ ನಂಬರ್. ಪರೀಕ್ಷೆ ಫಾರ್ಮಿಗೆ ಬೇಕು ಅಂತ ಮೇಷ್ಟ್ರು ನೀಟಾಗಿ ಬರೆದಿಟ್ಟಿದ್ದರು. ಒಬ್ಬ ಹುಡುಗನಿಗೆ ಫೋನ್ ಮಾಡಿದರೆ ಅವನ ಪಕ್ಕ ಮಲಗಿದ ಐದು ಜನರ ಹೆಸರು ಸಿಗುತ್ತಿತ್ತು. ಡೊಂಬಿವ್ಲಿಯ ಅಡುಗೆಮನೆಯ ಮೇಜಿನ ಮೇಲೆ ಕೂತು, ಔಷಧ ಹಂಚುತ್ತಿದ್ದ ಕಾಲದಲ್ಲಿ ಮಾಡುತ್ತಿದ್ದ ಹಾಗೆ ರೂಟ್ ಲಿಸ್ಟ್ ಮಾಡಿದೆ. ಯಾವ ಬೀದಿಗೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಯಾವ ಸದಸ್ಯರ ಗಾಡಿಗೆ ಪಾಸ್ ಇದೆ. ಭಿವಂಡಿಯಲ್ಲಿ ಕಲಿತದ್ದು ಅಷ್ಟು ಕೆಲಸಕ್ಕೆ ಬಂದದ್ದು ಬೇರೆ ಯಾವತ್ತೂ ಇಲ್ಲ. ಮೇ ಒಂದರಿಂದ ಶ್ರಮಿಕ್ ರೈಲು ಶುರುವಾದಾಗ ಊರಿಗೆ ಹೋಗುವವರು ಪೊಲೀಸ್ ಠಾಣೆಯಲ್ಲಿ ಫಾರ್ಮ್ ಕೊಡಬೇಕಿತ್ತು. ಬಹಳ ಜನಕ್ಕೆ ತಮ್ಮ ಜಿಲ್ಲೆಯ ಹೆಸರು ಸರಿಯಾಗಿ ಬರೆಯಲು ಬರುತ್ತಿರಲಿಲ್ಲ. ನಮ್ಮ ತರಗತಿಯ ಹುಡುಗರು ತಮ್ಮದನ್ನೂ ಬರೆದರು, ಪಕ್ಕದವರದನ್ನೂ ಬರೆದುಕೊಟ್ಟರು.

2014ರಲ್ಲಿ ನನ್ನ ಗ್ರಾಫ್ ಗೆದ್ದಿದ್ದರೆ ಆ ರಿಜಿಸ್ಟರ್ ಇರುತ್ತಿರಲಿಲ್ಲ. ಇದನ್ನು ಹಳೇ ಕೋಶಾಧಿಕಾರಿಗಳಿಗೆ ಹೇಳಬೇಕಿತ್ತು. ಅಷ್ಟರಲ್ಲಿ ಅವರು ಇರಲಿಲ್ಲ.

ಸಿಎಸ್‌ಆರ್ ಕೆಲಸದಲ್ಲಿ ಮೇಜಿನ ಇನ್ನೊಂದು ಕಡೆ ಕೂತು ನೋಡಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಹಣ ಪಡೆಯುವ ಸಂಸ್ಥೆಗೆ ಆಗ ಆದಾಯ ತೆರಿಗೆಯವರ 12ಎ, 80ಜಿ ನೋಂದಣಿ ಬೇಕಿತ್ತು, ಮೂರು ವರ್ಷದ ಅನುಭವ ಬೇಕಿತ್ತು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿಯೂ ಬೇಕಾಯಿತು. ನಿಯಮ ಬೇಕೇ ಬೇಕು, ಮೋಸ ಮಾಡುವವರು ಇದ್ದಾರೆ. ಆದರೆ ಅರ್ಜಿಗಳನ್ನು ಓದುವಾಗ ನನಗೆ ಸಂಕಟವಾಗುತ್ತಿತ್ತು. 'ಫಲಾನುಭವಿಗಳ ಸಂಖ್ಯೆ' ಅನ್ನುವ ಕಲಂ ಎಲ್ಲ ಅರ್ಜಿಯಲ್ಲೂ ಇತ್ತು. ಮೊಳೆಗೆ ಟವೆಲ್ ನೇತುಹಾಕಿದ್ದನ್ನು ಬರೆಯಲು ಅಲ್ಲಿ ಜಾಗ ಇರಲಿಲ್ಲ. ಆದ್ದರಿಂದ ಸಣ್ಣ ಸಂಸ್ಥೆಗಳ ಅರ್ಜಿ ಬಂದರೆ ಕಾಗದ ಓದಿ ಬದಿಗಿಡುವ ಮೊದಲು ಒಮ್ಮೆ ಹೋಗಿ ನೋಡಿ ಬರುತ್ತಿದ್ದೆ. ನನ್ನ ಸ್ವಂತ ಸಮಯದಲ್ಲಿ.

ಅದೇ ಸಮಯದಲ್ಲಿ ನಮ್ಮ ಸಂಘದವರೂ ಆ ಕಂಪನಿಗೆ ಅರ್ಜಿ ಹಾಕುವ ಮಾತೆತ್ತಿದರು. ನಮ್ಮವಳೇ ಅಲ್ಲಿ ಕೂತಿದ್ದಾಳೆ, ಇನ್ನೇನು ಅಂದರು. ನಾನು ಬೇಡ ಅಂದೆ. ನಾನು ಅಲ್ಲಿರುವ ತನಕ ಸಂಘ ಅಲ್ಲಿ ಕೈ ಚಾಚಬಾರದು ಅಂತ ಹೇಳಿದೆ. ಮೀಟಿಂಗಿನಲ್ಲಿ ಕೆಲವರು ಮುಖ ತಿರುಗಿಸಿಕೊಂಡರು. ಇಪ್ಪತ್ತು ವರ್ಷ ಜೊತೆಗೆ ದುಡಿದ ಒಬ್ಬರು ತಿಂಗಳುಗಟ್ಟಲೆ ನನ್ನ ಜೊತೆ ಮಾತಾಡಲಿಲ್ಲ. ಎರಡೂ ಕಡೆ ಕಾಲಿಟ್ಟವರಿಗೆ ಸಮಯ ಹೊಂದಿಸುವುದೇ ಕಷ್ಟ ಅಂತ ಜನ ಅಂದುಕೊಳ್ಳುತ್ತಾರೆ. ನನಗೆ ಕಷ್ಟವಾದದ್ದು ಇದು.

ಮನೆಯ ಬಗ್ಗೆ ಏನು ಬರೆಯಲಿ? ಸ್ಮರಣ ಸಂಚಿಕೆಯ ಜಾಹೀರಾತಿನಿಂದಲೇ ನಮ್ಮ ವರ್ಷದ ಖರ್ಚು ನಡೆಯುವುದು. ಅದರ ಪ್ರೂಫ್ ನೋಡಲು ಪ್ರೆಸ್ಸಿಗೆ ಹೋದ ದಿನವೇ ಮಗಳಿಗೆ ಜೋರು ಜ್ವರ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಮನೆಗೆ ಬಂದಾಗ ಅತ್ತೆ ಅವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದರು, ನನ್ನ ಕಡೆ ನೋಡಲಿಲ್ಲ. ಅತ್ತೆ, ಗಂಡ, ಮಗಳು ನನ್ನ ಭಾನುವಾರಗಳ ಖರ್ಚು ಕೊಟ್ಟವರು. ಅದಕ್ಕೆ ಯಾವ ಪುಸ್ತಕದಲ್ಲೂ ರಸೀದಿ ಹರಿದಿಲ್ಲ. ಮಗಳಿಗೆ ಈಗ ಮೂವತ್ತು. ಪುಣೆಯಲ್ಲಿದ್ದಾಳೆ. ಅವಳ ಹತ್ತಿರ ಒಮ್ಮೆ ಕೂತು ಈ ಮಾತು ಆಡಿದೆ. ಅವಳು ಪೂರ್ತಿ ಕೇಳಿದಳು, ಇಲ್ಲ ಅಮ್ಮ ಪರವಾಗಿಲ್ಲ ಅನ್ನಲಿಲ್ಲ. ಹಾಗೆ ಅನ್ನದೇ ಇದ್ದದ್ದಕ್ಕೆ ಅವಳ ಮೇಲೆ ನನಗೆ ಗೌರವ ಹೆಚ್ಚಾಯಿತು.

2023ರ ಮಹಾಸಭೆಯಲ್ಲಿ ನಾನು ಎಲ್ಲ ಹುದ್ದೆ ಬಿಟ್ಟೆ. ಇನ್ನೂ ಇರಿ ಅಂದರು. ಆದರೆ ಕುರ್ಚಿ ಖಾಲಿಯಾಗದೆ ಹೊಸಬರು ಬರುವುದಿಲ್ಲ. ಮಹಿಳಾ ವಿಭಾಗದ ಮೂಲೆಯಲ್ಲಿ ಹದಿಮೂರು ವರ್ಷ ಕೂತವಳಿಗೆ ಇದು ಗೊತ್ತಿರಬೇಕು. ಹೊಸ ಕೋಶಾಧಿಕಾರಿ ಐರೋಳಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಹುಡುಗಿ. ಇಪ್ಪತ್ತೊಂಬತ್ತು ವರ್ಷ. ಕನ್ನಡ ಮಾತಾಡುತ್ತಾಳೆ, ಓದುವುದು ನಿಧಾನ. ಅವಳಿಗೆ ಹಳೆಯ ರಸೀದಿ ಪುಸ್ತಕಗಳ ಕಟ್ಟು ಕೊಟ್ಟಾಗ, ಎಲ್ಲರೂ ಯುಪಿಐ ಮಾಡುತ್ತಾರಲ್ಲ, ಇದೆಲ್ಲ ಬೇಕಾ ಅಂತ ಕೇಳಿದಳು. ನೋಡು, ನೀನೇ ತೀರ್ಮಾನ ಮಾಡು ಅಂದೆ. ಹೂವಿನ ಹೆಂಗಸಿನ ಕಥೆ ಹೇಳಬೇಕು ಅನಿಸಿತು. ಹೇಳಲಿಲ್ಲ.

ಕಳೆದ ತಿಂಗಳು ಒಂದು ರಾತ್ರಿ ಹನ್ನೊಂದಕ್ಕೆ ಅವಳ ಫೋನ್ ಬಂತು. ಆಫೀಸ್ ಮುಗಿಸಿ ಬಂದು ಸಂಘದ ಲೆಕ್ಕಕ್ಕೆ ಕೂತಿದ್ದಳು, ದನಿಯಲ್ಲಿ ಸುಸ್ತು. "ಆಂಟಿ, ನಿಮ್ಮ ಕಾಲದ ಕೊನೇ ಪುಸ್ತಕದಲ್ಲಿ ಮೂವತ್ತೇಳನೇ ರಸೀದಿ ಇಲ್ಲ. ಒಂದು ಪ್ರತಿಯೂ ಇಲ್ಲ. ಆಡಿಟ್‌ಗೆ ಕೊಡೋ ಮುಂಚೆ ಗೊತ್ತಾಗಬೇಕು."

ಎದ್ದು ದೀಪ ಹಾಕಿದೆ. ಕನ್ನಡಕ ಹುಡುಕಿ ಕಪಾಟಿನ ಕೆಳಗಿನ ಖಾನೆ ತೆರೆದೆ. ಹಳೇ ಡೈರಿಯ ಮಧ್ಯೆ ಎರಡು ಹಾಳೆ ಪಿನ್ ಹಾಕಿ ಇಟ್ಟದ್ದು ಸಿಕ್ಕಿತು. ಎರಡರ ಮೇಲೂ ಅಡ್ಡಕ್ಕೆ 'ರದ್ದು' ಅಂತ ನನ್ನ ಅಕ್ಷರ. ಪುಸ್ತಕದಿಂದ ಕಳಚಿದ್ದನ್ನು ವಾಪಸ್ ಹಚ್ಚಲು ಮರೆತಿದ್ದೆ. ಫೋಟೋ ತೆಗೆದು ಕಳಿಸಿದೆ.

"ಫೋಟೋ ಸಾಲದು ಆಂಟಿ, ಕಾಗದವೇ ಬೇಕು" ಅಂದಳು.

ಭಾನುವಾರ ತಂದುಕೊಡುತ್ತೇನೆ ಅಂದೆ.